ಗೇಟ್ ಇಲ್ಲದ ಅಣೆಕಟ್ಟು, ಗಡಿಯಾರ ನಿಂತ ಶಾಲೆ

ರಾತ್ರಿ ಬುಲೆಟಿನ್ ಮುಗಿಸಿ ಹೊರಗೆ ಬಂದರೆ ನಮ್ಮ ಆಫೀಸ್ ಎದುರಿನ ಗಾಡಿಯಲ್ಲಿ ಶೆಜ್ವಾನ್ ಫ್ರೈಡ್ ರೈಸ್ ಬಿಸಿಬಿಸಿಯಾಗಿ ಸಿಗುತ್ತೆ. ಕೆಂಪಗೆ, ಎಣ್ಣೆ ಎಣ್ಣೆಯಾಗಿ, ಹಸಿವಿಗೆ ಅದಕ್ಕಿಂತ ರುಚಿ ಬೇರೆ ಇಲ್ಲ. ಒಂದಿನ ಗಾಡಿ ಹುಡುಗನನ್ನ ಕೇಳಿದೆ, 'ಶೆಜ್ವಾನ್ ಅಂದ್ರೆ ಏನಪ್ಪಾ?' 'ಖಾರ ಮೇಡಂ, ಅಷ್ಟೇ' ಅಂದ. ತಪ್ಪೇನಿಲ್ಲ ಬಿಡಿ. ನಾನೂ ಕಾಲೇಜಿನ ತನಕ ಅದನ್ನೊಂದು ಚಟ್ನಿಯ ಹೆಸರು ಅಂತಲೇ ಅಂದುಕೊಂಡಿದ್ದವಳು.

ಅದು ಚೀನಾದ ಒಂದು ಪ್ರಾಂತ್ಯದ ಹೆಸರು. ಸಿಚುವಾನ್. ನಮ್ಮ ಕರ್ನಾಟಕದ ಎರಡೂವರೆ ಪಟ್ಟು ದೊಡ್ಡದು, ಎಂಟು ಕೋಟಿಗೂ ಹೆಚ್ಚು ಜನ. ಗಾಡಿಯಲ್ಲಿ ಸಿಗುವ ಆ ಚಟ್ನಿಗೂ ಅಲ್ಲಿನ ಅಡುಗೆಗೂ ಸಂಬಂಧ ಅಷ್ಟಕ್ಕಷ್ಟೇ. ಅವರ ನಿಜವಾದ ಮಸಾಲೆ ಹುವಾಜಿಯಾವ್ ಅನ್ನೋ ಸಣ್ಣ ಕಾಳು. ಬಾಯಿಗೆ ಹಾಕಿಕೊಂಡರೆ ನಾಲಿಗೆ ಜುಮ್ಮೆನ್ನುತ್ತೆ. ನಮ್ಮ ಕರಾವಳಿಯಲ್ಲಿ ಮೀನು ಸಾರಿಗೆ ಹಾಕುವ ತೆಪ್ಪಳ ಇದೆಯಲ್ಲ, ಅದರ ದಾಯಾದಿ ಅಂತಿಟ್ಟುಕೊಳ್ಳಿ. ಇನ್ನು ಒಣಮೆಣಸಿನಕಾಯಿ? ಅದು ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಚೀನಾಕ್ಕೆ ಬಂದಿದ್ದು ಹದಿನಾರನೇ ಶತಮಾನದ ಕೊನೆಯಲ್ಲಿ. ಸಿಚುವಾನ್ ಜನ ಅದಕ್ಕಿಂತ ಮುಂಚೆ ಎರಡು ಸಾವಿರ ವರ್ಷ ಮೆಣಸಿನಕಾಯಿ ಇಲ್ಲದೇ ಬದುಕಿದ್ದರು. ನಾವೂ ಅಷ್ಟೇ ತಾನೇ?

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ವಾರಾಂತ್ಯದ ಪ್ರವಾಸದ ಕಾರ್ಯಕ್ರಮದಲ್ಲಿ ಸಿಚುವಾನ್ ಬಗ್ಗೆ ಒಂದು ಎಪಿಸೋಡ್ ಮಾಡೋ ಕೆಲಸ ನನ್ನ ತಲೆಗೆ ಬಂತು. ವಿಷುವಲ್ಸ್‌ಗೆ ಬರ ಇಲ್ಲ. ಪಾಂಡಾ ಇದೆ. ಜಗತ್ತಿನಲ್ಲಿ ಕಾಡಿನಲ್ಲಿ ಉಳಿದಿರುವ ಎರಡು ಸಾವಿರದೊಳಗಿನ ದೈತ್ಯ ಪಾಂಡಾಗಳಲ್ಲಿ ಮುಕ್ಕಾಲು ಪಾಲು ಇರೋದು ಇದೇ ಪ್ರಾಂತ್ಯದಲ್ಲಿ. ಜಿಯುಝಾಯ್‌ಗೌ ಇದೆ. ನೀಲಿ ಹಸಿರು ಬಣ್ಣದ ಕೊಳಗಳ ಆ ಕಣಿವೆಯನ್ನ ಡ್ರೋನ್‌ನಲ್ಲಿ ನೋಡಿದರೆ ಗ್ರಾಫಿಕ್ಸ್ ಅನ್ನಿಸುತ್ತೆ. ಅದಾದಮೇಲೆ ಟೀ ಅಂಗಡಿಗಳು, ಮುಖವಾಡ ಬದಲಿಸುವ ನಾಟಕ, ಹಾಟ್‌ಪಾಟ್. ಇಪ್ಪತ್ತೆರಡು ನಿಮಿಷ ಆರಾಮಾಗಿ ತುಂಬುತ್ತೆ.

ಆದರೆ ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಪಾಂಡಾ ನೋಡಿ ಖುಷಿಪಟ್ಟು ಸುಮ್ಮನಾಗೋದಕ್ಕೆ ಆಗಲಿಲ್ಲ. ಸಿಚುವಾನ್ ಅಂದ ತಕ್ಷಣ ನನಗೆ ನೆನಪಾಗಿದ್ದು ದುಜಿಯಾಂಗ್ಯಾನ್.

ರಾಜಧಾನಿ ಚೆಂಗ್ಡುವಿನಿಂದ ಒಂದು ಗಂಟೆ ದೂರ. ಟಿಬೆಟ್ ಕಡೆಯ ಬೆಟ್ಟಗಳಿಂದ ರಭಸವಾಗಿ ಇಳಿಯುವ ಮಿನ್ ನದಿ ಬಯಲಿಗೆ ಕಾಲಿಡುವ ಜಾಗ. ಕ್ರಿಸ್ತಪೂರ್ವ 316ರಲ್ಲಿ ಚಿನ್ ರಾಜ್ಯದವರು ಈ ಪ್ರದೇಶವನ್ನ ಗೆದ್ದುಕೊಂಡರು. ಆಗ ಇದರ ಹೆಸರು ಶು. ಗೆದ್ದಿದ್ದೇನೋ ಸರಿ, ಆದರೆ ಮಳೆಗಾಲದಲ್ಲಿ ಬಯಲು ಮುಳುಗುತ್ತೆ, ಬೇಸಿಗೆಯಲ್ಲಿ ಒಣಗುತ್ತೆ. ಸುಮಾರು ಕ್ರಿಸ್ತಪೂರ್ವ 256ರಲ್ಲಿ ಲಿ ಬಿಂಗ್ ಅನ್ನೋ ಅಧಿಕಾರಿ ಇಲ್ಲಿಗೆ ರಾಜ್ಯಪಾಲನಾಗಿ ಬಂದ. ಇದು ನಮ್ಮ ಅಶೋಕ ಚಕ್ರವರ್ತಿಯ ಕಾಲ ಅನ್ನೋದು ನೆನಪಿರಲಿ.

ನೀವಾಗಿದ್ದರೆ ಏನು ಮಾಡ್ತಿದ್ರಿ? ನದಿಗೆ ಅಡ್ಡ ಕಟ್ಟೆ ಕಟ್ಟುತ್ತಿದ್ರಿ. ನಾನೂ ಅದನ್ನೇ ಮಾಡ್ತಿದ್ದೆ. ಲಿ ಬಿಂಗ್ ಕಟ್ಟಲಿಲ್ಲ. ನದಿಯ ಮಧ್ಯೆ, ಹರಿವಿನ ಉದ್ದಕ್ಕೆ, ಮೀನಿನ ಮೂತಿಯ ಆಕಾರದ ಒಂದು ದಿಬ್ಬ ಮಾಡಿದ. ಬಿದಿರು ಸೀಳಿ ಉದ್ದುದ್ದ ಬುಟ್ಟಿ ಹೆಣೆದು, ಅದರಲ್ಲಿ ನದಿಯ ಕಲ್ಲು ತುಂಬಿ, ಒಂದರ ಮೇಲೊಂದು ಪೇರಿಸಿದ್ದು. ಇವತ್ತು ನಾವು ರಸ್ತೆ ಪಕ್ಕದ ಗುಡ್ಡ ಕುಸಿಯದ ಹಾಗೆ ತಂತಿ ಬಲೆಯೊಳಗೆ ಕಲ್ಲು ತುಂಬಿಸಿ ಇಡುತ್ತೇವಲ್ಲ, ಅದೇ ತಂತ್ರ. ಆ ಮೂತಿಗೆ ಬಡಿದ ನದಿ ಎರಡಾಗುತ್ತೆ. ಹೊರಗಿನ ಕವಲು ಅಗಲ, ಆಳ ಕಡಿಮೆ. ಒಳಗಿನ ಕವಲು ಕಿರಿದು, ಆಳ ಜಾಸ್ತಿ.

ಈಗ ಇದರ ಚಂದ ನೋಡಿ. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗ ಅದು ತಾನಾಗಿಯೇ ಆಳದ ಕಡೆ ಹೋಗುತ್ತೆ. ಸುಮಾರು ಅರವತ್ತು ಭಾಗ ಒಳಗಿನ ಕವಲಿಗೆ, ಅಂದರೆ ಹೊಲಗಳಿಗೆ. ಪ್ರವಾಹ ಬಂದಾಗ ನೀರು ಉಕ್ಕಿ ಅಗಲದ ಕಡೆ ತಿರುಗುತ್ತೆ. ಅರವತ್ತು ಭಾಗ ಹೊರಗಿನ ಕವಲಿಗೆ. ಗೇಟ್ ಎತ್ತುವವರಿಲ್ಲ, ಇಳಿಸುವವರಿಲ್ಲ, ಎಷ್ಟು ಕ್ಯೂಸೆಕ್ ಬಿಡಬೇಕು ಅಂತ ಮೀಟಿಂಗ್ ಕರೆಯುವವರೂ ಇಲ್ಲ. ಮೇಲಿಂದ ಜಾಗ ಆರಿಸಿದ್ದು ನದಿಯ ತಿರುವಿನಲ್ಲಿ. ತಿರುವಿನಲ್ಲಿ ಮೇಲಿನ ತಿಳಿನೀರು ಹೊರ ಅಂಚಿಗೆ ಒತ್ತುತ್ತೆ, ತಳದ ಮರಳು ಒಳ ಅಂಚಿಗೆ ಜಾರುತ್ತೆ. ಆರನೇ ಸೆಮಿಸ್ಟರ್‌ನಲ್ಲಿ ಈ ಸುರುಳಿ ಹರಿವಿನ ಪಾಠ ನಮಗೆ ಎರಡು ವಾರ ತಲೆ ತಿಂದಿತ್ತು. ಆ ಮನುಷ್ಯ ಅದನ್ನ ನದಿ ದಡದಲ್ಲಿ ನಿಂತು ನೋಡಿಯೇ ತಿಳಿದುಕೊಂಡಿದ್ದ. ಬಹುಪಾಲು ಮರಳು ಹೊರಗಿನ ಕವಲಿಗೆ ಹೋಗುತ್ತೆ, ತಿಳಿನೀರು ಹೊಲಕ್ಕೆ ಬರುತ್ತೆ. ಹಾಗೂ ತಪ್ಪಿಸಿಕೊಂಡು ಬಂದ ಮರಳನ್ನ, ಹೆಚ್ಚಾದ ನೀರನ್ನ ಹೊರಗೆ ಚೆಲ್ಲೋದಕ್ಕೆ ಸ್ವಲ್ಪ ಕೆಳಗೆ ಒಂದು ತಗ್ಗು ಒಡ್ಡು.

ಅಲ್ಲಿಂದ ಮುಂದೆ ಬೆಟ್ಟ ಅಡ್ಡ. ಸಿಡಿಮದ್ದು ಇನ್ನೂ ಹುಟ್ಟಿಲ್ಲ. ಲಿ ಬಿಂಗ್ ಬಂಡೆಗೆ ಸೌದೆ ಒಟ್ಟಿ ಬೆಂಕಿ ಇಟ್ಟ, ಕಾದ ಬಂಡೆಗೆ ತಣ್ಣೀರು ಸುರಿಸಿದ. ಬಂಡೆ ಬಿರಿಯಿತು. ಹೀಗೆ ಇಪ್ಪತ್ತು ಮೀಟರ್ ಅಗಲದ ದಾರಿ ಕೊರೆಯೋದಕ್ಕೆ ಎಂಟು ವರ್ಷ ಹಿಡಿಯಿತಂತೆ. ಬಾಟಲಿಯ ಕತ್ತಿನ ಹಾಗಿರುವ ಆ ದಾರಿಯಲ್ಲಿ ಇವತ್ತಿಗೂ ನೀರು ಹರಿಯುತ್ತೆ. 6 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಜಮೀನಿಗೆ. ಹೊರಗಿನ ಕವಲಿಗೆ 1970ರ ದಶಕದಲ್ಲಿ ಆಧುನಿಕ ಗೇಟ್ ಹಾಕಿದ್ದಾರೆ, ಬಿದಿರಿನ ಜಾಗಕ್ಕೆ ಕಾಂಕ್ರೀಟ್ ಬಂದಿದೆ, ಆದರೆ ನಕ್ಷೆ ಅದೇ. 2000ದಲ್ಲಿ ಯುನೆಸ್ಕೋ ಇದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಈ ನೀರೇ ಚೆಂಗ್ಡು ಬಯಲನ್ನ ಭತ್ತದ ಕಣಜ ಮಾಡಿದ್ದು. ಆ ದವಸದ ಬಲದ ಮೇಲೇ ಚಿನ್ ರಾಜ್ಯ ಕ್ರಿಸ್ತಪೂರ್ವ 221ರಲ್ಲಿ ಇಡೀ ಚೀನಾವನ್ನ ಒಂದುಗೂಡಿಸಿದ್ದು. ಟೆರಾಕೋಟಾ ಸೈನಿಕರ ಸಾಮ್ರಾಟ ಎಲ್ಲರಿಗೂ ಗೊತ್ತು. ಅವನ ಸೈನ್ಯಕ್ಕೆ ಅನ್ನ ಹಾಕಿದ ಇಂಜಿನಿಯರ್ ಯಾರಿಗೆ ಗೊತ್ತು? 1974ರಲ್ಲಿ ನದಿಪಾತ್ರದ ಹೂಳಿನಿಂದ ಲಿ ಬಿಂಗ್‌ನ ಒಂದು ಕಲ್ಲಿನ ವಿಗ್ರಹ ಎದ್ದು ಬಂತು. ಕ್ರಿಸ್ತಶಕ 168ರಲ್ಲಿ ಕೆತ್ತಿದ್ದು ಅಂತ ಅದರ ಮೇಲೇ ಬರೆದಿದೆ. ಸಾಧಾರಣ ಅಂಗಿ, ಎದೆಯ ಮೇಲೆ ಜೋಡಿಸಿದ ಕೈ. ಅಧಿಕಾರಿ ಅನ್ನೋ ಗತ್ತೇ ಇಲ್ಲ.

ಮಿನ್ ನದಿಯ ಗುಂಟ ಕೆಳಗೆ ಹೋದರೆ ಲೆಶಾನ್. ಮೂರು ನದಿ ಕೂಡುವ ಜಾಗದಲ್ಲಿ ಬೆಟ್ಟವನ್ನೇ ಕಡಿದು ಮಾಡಿದ 71 ಮೀಟರ್ ಎತ್ತರದ ಬುದ್ಧ ಕೂತಿದ್ದಾನೆ. ಸುಳಿಗೆ ಸಿಕ್ಕಿ ದೋಣಿಗಳು ಮುಳುಗ್ತಿದ್ದವು, ನದಿ ಶಾಂತವಾಗಲಿ ಅಂತ ಹೈಟಾಂಗ್ ಅನ್ನೋ ಭಿಕ್ಷು 713ರಲ್ಲಿ ಕೆಲಸ ಶುರು ಮಾಡಿದ. ಊರೂರು ತಿರುಗಿ ಚಂದಾ ಎತ್ತಿ ತಂದ ದುಡ್ಡು. ಅದರ ಮೇಲೆ ಒಬ್ಬ ಅಧಿಕಾರಿಯ ಕಣ್ಣು ಬಿತ್ತು, ಪಾಲು ಕೇಳಿದ. ನನ್ನ ಕಣ್ಣು ಬೇಕಾದರೆ ಕೊಡ್ತೀನಿ, ಬುದ್ಧನ ದುಡ್ಡಲ್ಲಿ ಒಂದು ಕಾಸೂ ಕೊಡಲ್ಲ ಅಂತ ಭಿಕ್ಷು ತನ್ನ ಕಣ್ಣನ್ನೇ ಕಿತ್ತಿಟ್ಟನಂತೆ. ಇದು ಅಲ್ಲಿನವರು ಹೇಳುವ ಕಥೆ. ಕಾಮಗಾರಿಯ ದುಡ್ಡಲ್ಲಿ ಪಾಲು ಕೇಳೋ ಪದ್ಧತಿಗೆ ಕನಿಷ್ಠ 1,300 ವರ್ಷದ ಇತಿಹಾಸ ಇದೆ ಅಂತಾಯ್ತು. ಹೈಟಾಂಗ್ ಸತ್ತ, ದುಡ್ಡು ನಿಂತಿತು, ಕೆಲಸ ಮತ್ತೆ ಶುರುವಾಯ್ತು, ಕೊನೆಗೆ 803ರಲ್ಲಿ ಪೂರ್ತಿ ಆಯ್ತು. ತೊಂಬತ್ತು ವರ್ಷ! ಗುಂಗುರು ಕೂದಲ ಸಾಲುಗಳ ನಡುವೆ, ಕಿವಿಯ ಹಿಂದೆ ಮಳೆನೀರು ಇಳಿದುಹೋಗುವ ಕಾಲುವೆಗಳನ್ನ ಅಡಗಿಸಿಟ್ಟಿದ್ದಾರೆ. ಕಲ್ಲು ಕರಗದೇ ಉಳಿದಿರೋದಕ್ಕೆ ಅದೂ ಒಂದು ಕಾರಣ. 2020ರ ಆಗಸ್ಟ್ ಪ್ರವಾಹದಲ್ಲಿ ನೀರು ಬುದ್ಧನ ಕಾಲ್ಬೆರಳು ಮುಟ್ಟಿತು. 1949ರ ನಂತರ ಹಾಗಾಗಿದ್ದು ಅದೇ ಮೊದಲು.

ಇಲ್ಲಿ ನಮಗೊಂದು ನಂಟಿದೆ. ಹೈಸ್ಕೂಲ್ ಪುಸ್ತಕದ ಹ್ಯೂಯೆನ್ ತ್ಸಾಂಗ್ ನೆನಪಿದ್ದಾನಾ? ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಚಿತ್ರ? ಅವನು ಹುಟ್ಟಿದ್ದು ಬೇರೆ ಕಡೆ. ಸುಯಿ ಸಾಮ್ರಾಜ್ಯ ಕುಸಿದು ಅರಾಜಕತೆ ಎದ್ದಾಗ ಅಣ್ಣನ ಜೊತೆ ಸಿಚುವಾನ್‌ಗೆ ಓಡಿಬಂದ. ಹೊಟ್ಟೆಗೆ ಅನ್ನ, ಓದೋದಕ್ಕೆ ನೆಮ್ಮದಿ ಎರಡೂ ಸಿಗ್ತಿದ್ದ ಜಾಗ ಅದು. 622ರಲ್ಲಿ, ಸುಮಾರು ಇಪ್ಪತ್ತನೇ ವಯಸ್ಸಿನಲ್ಲಿ, ಅವನಿಗೆ ಪೂರ್ಣ ಭಿಕ್ಷು ದೀಕ್ಷೆ ಆಗಿದ್ದು ಚೆಂಗ್ಡುವಿನಲ್ಲಿ. ಅದೇ ಭಿಕ್ಷು ಸುಮಾರು 641ರಲ್ಲಿ ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದು, ಹರ್ಷನೂ ಈ ರಾಜನನ್ನ ಮಣಿಸಲಾಗಲಿಲ್ಲ ಅಂತ ಬರೆದಿಟ್ಟ. ಐಹೊಳೆಯ ಶಾಸನ ನಮ್ಮವರೇ ಬರೆದ ಹೊಗಳಿಕೆ. ಹೊರಗಿನವನ ಸಾಕ್ಷಿ ಅದಕ್ಕೆ ಸಿಕ್ಕಿದ್ದು ಇವನಿಂದ.

ಚೆಂಗ್ಡು ಹತ್ತಿರದ ಸಾನ್‌ಶಿಂಗ್‌ದುಯಿ ಬಗ್ಗೆಯೇ ಒಂದು ಎಪಿಸೋಡ್ ಬೇಕು. 1986ರಲ್ಲಿ ಇಟ್ಟಿಗೆ ಕಾರ್ಖಾನೆಯವರು ಮಣ್ಣು ತೆಗೀತಿದ್ದಾಗ ಸಿಕ್ಕ ಗುಂಡಿಗಳು. ಮೂರು ಸಾವಿರ ವರ್ಷದ ಹಿಂದಿನ ಕಂಚಿನ ಮುಖವಾಡಗಳು, ಕಣ್ಣುಗುಡ್ಡೆ ಕೊಳವೆಯ ಹಾಗೆ ಹೊರಗೆ ಚಾಚಿಕೊಂಡಿವೆ. ಸುಮಾರು ನಾಲ್ಕು ಮೀಟರ್ ಎತ್ತರದ ಕಂಚಿನ ಮರ. ಆನೆ ದಂತಗಳ ರಾಶಿ. ಒಂದೇ ಒಂದು ಅಕ್ಷರ ಇಲ್ಲ. ಅನ್ಯಗ್ರಹದವರು ಬಂದಿದ್ದರು ಅಂತ ಯೂಟ್ಯೂಬ್‌ನಲ್ಲಿ ಹೇಳೋರನ್ನ ನಂಬಬೇಡಿ. ನಮ್ಮ ಚಾನೆಲ್‌ನಲ್ಲಿ ಹೇಳಿದರೂ ನಂಬಬೇಡಿ.

ಜಗತ್ತಿನ ಮೊದಲ ಕಾಗದದ ಹಣ ಹುಟ್ಟಿದ್ದೂ ಚೆಂಗ್ಡುವಿನಲ್ಲೇ. ಇಲ್ಲಿ ಕಬ್ಬಿಣದ ನಾಣ್ಯ ಚಲಾವಣೆಯಲ್ಲಿತ್ತು. ಸಂತೆಗೆ ಹೋಗೋವಾಗ ಸಾಮಾನಿಗಿಂತ ದುಡ್ಡೇ ಭಾರ. ವ್ಯಾಪಾರಿಗಳು ನಾಣ್ಯ ಇಟ್ಟುಕೊಂಡು ಚೀಟಿ ಕೊಡೋದಕ್ಕೆ ಶುರು ಮಾಡಿದರು. 1023ರಲ್ಲಿ ಸರ್ಕಾರ ಆ ವ್ಯವಹಾರವನ್ನ ತನ್ನ ಕೈಗೆ ತಗೊಂಡಿತು. ಆಮೇಲೆ ಬೇಕಾದಾಗಲೆಲ್ಲ ಪ್ರಿಂಟ್ ಹಾಕಿ ಹಾಕಿ ಅದರ ಬೆಲೆ ಬಿದ್ದುಹೋಯ್ತು. ಸರ್ಕಾರಗಳು ಸರ್ಕಾರಗಳೇ.

ಇಷ್ಟು ಸಮೃದ್ಧಿಯ ನಾಡು, ಎರಡು ಸಾವಿರ ವರ್ಷ ನೀರು ನಿಲ್ಲದ ನಾಡು, 1958ರಿಂದ 61ರ ನಡುವೆ ಹಸಿವಿನಿಂದ ಸತ್ತಿತು. ಇದು ಪ್ರವಾಸಿ ಪುಸ್ತಕದಲ್ಲಿ ಸಿಗಲ್ಲ. ಮಾವೋನ ಮಹಾ ಜಿಗಿತದ ಹುಚ್ಚಿನಲ್ಲಿ ಸುಳ್ಳು ಇಳುವರಿ ಲೆಕ್ಕ ತೋರಿಸಿದರು, ಆ ಲೆಕ್ಕದ ಮೇಲೆ ದವಸ ಎತ್ತಿಕೊಂಡು ಹೋದರು. ಸಂಶೋಧಕರ ಅಂದಾಜಿನ ಪ್ರಕಾರ ಸಿಚುವಾನ್ ಒಂದರಲ್ಲೇ 70 ಲಕ್ಷದಿಂದ ಒಂದು ಕೋಟಿಯಷ್ಟು ಜನ ಸತ್ತರು. ಕಾಲುವೆಯಲ್ಲಿ ನೀರು ಇತ್ತು. ಲಿ ಬಿಂಗ್‌ನ ಕೆಲಸದಲ್ಲಿ ಲೋಪ ಇರಲಿಲ್ಲ.

ಈಗ ನನ್ನನ್ನ ಈ ಲೇಖನಕ್ಕೆ ಕೂರಿಸಿದ ವಿಷಯಕ್ಕೆ ಬರ್ತೀನಿ.

2003ರಲ್ಲಿ ದುಜಿಯಾಂಗ್ಯಾನ್‌ನ ಮೀನಿನ ಮೂತಿಯಿಂದ ಬರೀ 1,310 ಮೀಟರ್ ಮೇಲೆ ಯಾಂಗ್ಲಿಯುಹು ಅನ್ನೋ ಹೊಸ ಅಣೆಕಟ್ಟು ಕಟ್ಟೋ ಯೋಜನೆ ಬಂತು. ಕಟ್ಟಿದ್ದರೆ 2,200 ವರ್ಷದ ವ್ಯವಸ್ಥೆ ಬರೀ ಶೋಪೀಸ್ ಆಗಿಬಿಡ್ತಿತ್ತು. ಪರಂಪರೆ ಇಲಾಖೆಯವರು ಎದ್ದು ನಿಂತರು. ಚೀನಾ ಯೂತ್ ಡೈಲಿ ಪತ್ರಿಕೆ ಸುದ್ದಿ ಬಯಲಿಗೆ ತಂತು. ಒಂದರ ಹಿಂದೆ ಒಂದು ಪತ್ರಿಕೆಗಳು ಬರೆದವು. ಎರಡೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಪ್ರಾಂತ್ಯದ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಚೀನಾದಲ್ಲಿ! ಪತ್ರಕರ್ತರು ಬರೆದು ಒಂದು ಅಣೆಕಟ್ಟು ನಿಂತುಹೋಯ್ತು. ನನ್ನ ವೃತ್ತಿಯ ಬಗ್ಗೆ ಹೆಮ್ಮೆ ಪಡೋದಕ್ಕೆ ನಾನು ಆಗಾಗ ನೆನಪಿಸಿಕೊಳ್ಳುವ ಘಟನೆ ಇದು.

ಆದರೆ ಇನ್ನೂ ಮೇಲಿನ ಝಿಪಿಂಗ್‌ಪು ಅಣೆಕಟ್ಟಿನ ಕೆಲಸ ಆಗಲೇ ನಡೀತಿತ್ತು. 156 ಮೀಟರ್ ಎತ್ತರ, ಸುಮಾರು 39 ಟಿಎಂಸಿ ಸಾಮರ್ಥ್ಯ. ನಮ್ಮ ಕೆಆರ್‌ಎಸ್ 49 ಟಿಎಂಸಿ, ಅಂದಾಜು ಮಾಡಿಕೊಳ್ಳಿ. 2005ರಲ್ಲಿ ನೀರು ತುಂಬಿಸೋದಕ್ಕೆ ಶುರು ಮಾಡಿದರು.

2008ರ ಮೇ 12, ಸೋಮವಾರ. ಅಲ್ಲಿನ ಸಮಯ ಮಧ್ಯಾಹ್ನ 2 ಗಂಟೆ 28 ನಿಮಿಷ. ನಮಗೆ ಬೆಳಗ್ಗೆ 11.58. ವೆನ್‌ಚುವಾನ್ ಭೂಕಂಪ. ಕೇಂದ್ರಬಿಂದು ಝಿಪಿಂಗ್‌ಪುವಿನಿಂದ ಹೆಚ್ಚು ದೂರ ಇಲ್ಲ. 69 ಸಾವಿರಕ್ಕೂ ಹೆಚ್ಚು ಜನ ಸತ್ತರು, ಸುಮಾರು 18 ಸಾವಿರ ಜನ ಸಿಗಲೇ ಇಲ್ಲ. ನಾನಾಗ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಹಾಸ್ಟೆಲ್ ಟಿವಿಯಲ್ಲಿ ನೋಡಿದೆ. ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಎರಡು ಹಂತದ ನಡುವಿನ ದಿನಗಳು. ಮಾರನೇ ದಿನವೇ ಜೈಪುರದಲ್ಲಿ ಬಾಂಬ್ ಸ್ಫೋಟ. ಸಿಚುವಾನ್ ನಮ್ಮ ಪರದೆಯಿಂದ ಹೋಗೇ ಹೋಯ್ತು.

ಲಿ ಬಿಂಗ್‌ನ ಮೀನಿನ ಮೂತಿಗೆ ಬಿರುಕು ಬಿಟ್ಟಿತು, ಅಷ್ಟೇ. ಪಕ್ಕದ ಬೆಟ್ಟದಲ್ಲಿ ಅವನ ಹೆಸರಿನ ದೇವಸ್ಥಾನ ಕುಸಿಯಿತು. ಝಿಪಿಂಗ್‌ಪುವಿನ ಕಾಂಕ್ರೀಟ್ ಹೊದಿಕೆ ಬಿರಿಯಿತು, ಆದರೆ ಅಣೆಕಟ್ಟು ನಿಂತಿತು. ಜಲಾಶಯದಲ್ಲಿ ಆಗ ನೀರು ಕಡಿಮೆ ಇತ್ತು, ಅದೃಷ್ಟ. ಜಲಾಶಯದ ಭಾರವೇ ಭೂಕಂಪವನ್ನ ಕೆಣಕಿತಾ ಅನ್ನೋ ವಾದ ವಿಜ್ಞಾನಿಗಳ ನಡುವೆ ಇವತ್ತಿಗೂ ನಡೀತಿದೆ.

ಬಿದ್ದಿದ್ದು ಶಾಲೆಗಳು. ದುಜಿಯಾಂಗ್ಯಾನ್ ಊರಿನ ಅಂಚಿನ ಜೂಯುವಾನ್ ಮಾಧ್ಯಮಿಕ ಶಾಲೆಯಲ್ಲಿ ನೂರಾರು ಮಕ್ಕಳು ಪಾಠದ ಮಧ್ಯೆಯೇ ಹೂತುಹೋದರು. ಸುತ್ತಮುತ್ತಲ ಕಟ್ಟಡಗಳು ನಿಂತಿದ್ದವು. ಹೀಗೇ ಹಲವು ಕಡೆ. ನೆಲಕ್ಕೆ ರೆಡಿಮೇಡ್ ಟೊಳ್ಳು ಚಪ್ಪಡಿಗಳನ್ನ ಗೋಡೆ ಮೇಲೆ ಸುಮ್ಮನೆ ಕೂರಿಸಿದ್ದು, ಒಂದಕ್ಕೊಂದು ಸರಿಯಾದ ಬಿಗಿತ ಇಲ್ಲ, ಕಂಬಿ ಸಾಲದು. ಗೋಡೆ ಅಲುಗಿದ ಕೂಡಲೇ ಚಪ್ಪಡಿ ಜಾರಿ ಬೀಳುತ್ತೆ. ಇದನ್ನ ಅರ್ಥ ಮಾಡಿಕೊಳ್ಳೋದಕ್ಕೆ ಡಿಗ್ರಿ ಬೇಡ. ಇಂಥ ಕಟ್ಟಡಕ್ಕೆ ಚೀನೀಯರು ಇಟ್ಟ ಹೆಸರು 'ಟೋಫು ಚರಟ'. ಸೋಯಾ ಹಾಲು ಹಿಂಡಿದ ಮೇಲೆ ಉಳಿಯುವ ಹಿಂಡಿ. ಮಕ್ಕಳ ಫೋಟೋ ಎದೆಗೆ ಒತ್ತಿಕೊಂಡು ಅಪ್ಪ ಅಮ್ಮಂದಿರು ರಸ್ತೆಗೆ ಬಂದರು.

ಒಂದು ವರ್ಷದ ನಂತರ ಸರ್ಕಾರ ಲೆಕ್ಕ ಕೊಟ್ಟಿತು. ಸತ್ತ, ಕಾಣೆಯಾದ ವಿದ್ಯಾರ್ಥಿಗಳು 5,335. ಮಕ್ಕಳ ಹೆಸರು ಪಟ್ಟಿ ಮಾಡಲು ಹೊರಟಿದ್ದ ಚೆಂಗ್ಡುವಿನ ಹೋರಾಟಗಾರ ತಾನ್ ಝುವೊರೆನ್‌ಗೆ 2010ರಲ್ಲಿ ಐದು ವರ್ಷ ಜೈಲಾಯ್ತು. ಆರೋಪಪಟ್ಟಿಯಲ್ಲಿ ಬರೆದಿದ್ದು ಸರ್ಕಾರದ ವಿರುದ್ಧ ಪ್ರಚೋದನೆ ಅಂತ. ಮನೆ ಮನೆಗೆ ಸ್ವಯಂಸೇವಕರನ್ನ ಕಳಿಸಿ ಐದು ಸಾವಿರಕ್ಕೂ ಹೆಚ್ಚು ಹೆಸರು ಕೂಡಿಸಿದ ಕಲಾವಿದ ಆಯ್ ವೇವೇಗೆ ಚೆಂಗ್ಡುವಿನ ಹೋಟೆಲ್‌ನಲ್ಲಿ ಪೊಲೀಸರ ಏಟು ಬಿತ್ತು. ಅವನು 2009ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ 9,000 ಶಾಲಾ ಬ್ಯಾಗ್‌ಗಳನ್ನ ಒಂದು ಕಟ್ಟಡದ ಗೋಡೆ ತುಂಬ ಜೋಡಿಸಿದ. ಬಣ್ಣಬಣ್ಣದ ಬ್ಯಾಗ್‌ಗಳಲ್ಲಿ ಮೂಡಿದ್ದು ಒಬ್ಬ ತಾಯಿಯ ಮಾತು. ತನ್ನ ಮಗಳು ಏಳು ವರ್ಷ ಈ ಲೋಕದಲ್ಲಿ ಸಂತೋಷವಾಗಿ ಇದ್ದಳು ಅನ್ನೋದು.

ಹಾಗಾದರೆ ಶಾಲೆ ಉಳಿಸೋದಕ್ಕೆ ಆಗ್ತಾನೇ ಇರಲಿಲ್ವಾ? ಸಾಂಗ್‌ಝಾವೊ ಅನ್ನೋ ಊರಿನ ಮಾಧ್ಯಮಿಕ ಶಾಲೆಯ ಹೆಡ್‌ಮಾಸ್ಟರ್ ಯೆ ಝಿಪಿಂಗ್‌ಗೆ ತನ್ನ ಶಾಲೆಯ ಕಟ್ಟಡದ ಮೇಲೆ ಅನುಮಾನ ಇತ್ತು. ಚಪ್ಪಡಿಗಳ ಸಂದು ಬಿಡಿಸಿ ನೋಡಿದರೆ ಕಾಂಕ್ರೀಟ್ ಬದಲು ಸಿಮೆಂಟ್ ಚೀಲದ ಕಾಗದ ತುರುಕಿದ್ದರು. ಮೇಲಿನವರ ಹತ್ತಿರ ಹೋಗಿ, ಕಾಡಿ ಬೇಡಿ, ವರ್ಷಕ್ಕಷ್ಟು ದುಡ್ಡು ತಂದು ಸಂದು ತುಂಬಿಸಿದರು, ಕಂಬ ದಪ್ಪ ಮಾಡಿಸಿದರು. ಕಟ್ಟಿಸಿದ್ದಕ್ಕಿಂತ ಗಟ್ಟಿ ಮಾಡಿಸಿದ್ದಕ್ಕೇ ಹೆಚ್ಚು ಖರ್ಚಾಯ್ತು. ಜೊತೆಗೆ ಯಾವ ತರಗತಿ ಯಾವ ಮೆಟ್ಟಿಲಲ್ಲಿ ಇಳಿಯಬೇಕು ಅಂತ ಮಕ್ಕಳಿಗೆ ಅಭ್ಯಾಸ. ಎಲ್ಲರಿಗೂ ತಮಾಷೆಯಾಗಿ ಕಂಡಿತ್ತು. ಮೇ 12ರಂದು ಸುಮಾರು 2,200 ಮಕ್ಕಳು, ನೂರಕ್ಕೂ ಹೆಚ್ಚು ಶಿಕ್ಷಕರು 1 ನಿಮಿಷ 36 ಸೆಕೆಂಡ್‌ನಲ್ಲಿ ಆಟದ ಮೈದಾನದಲ್ಲಿ ನಿಂತಿದ್ದರು. ಒಬ್ಬರಿಗೂ ಏನೂ ಆಗಲಿಲ್ಲ. ಲಿ ಬಿಂಗ್ ಪಕ್ಕದಲ್ಲಿ ಈ ಮೇಷ್ಟ್ರ ವಿಗ್ರಹ ಇಡಬೇಕು ಅಂತ ನನಗನ್ನಿಸುತ್ತೆ.

ಎಪಿಸೋಡ್ ಎಡಿಟ್‌ಗೆ ಕೂತಾಗ, 'ಇದು ಟೂರ್ ಪ್ರೋಗ್ರಾಂ, ಸತ್ತ ಮಕ್ಕಳ ವಿಷಯ ಯಾಕೆ, ಊಟದ ಹೊತ್ತಿಗೆ ಬರೋದು' ಅಂತ ಒಂದು ಮಾತು ಬಂತು. ನಾನು ಜಾಸ್ತಿ ವಾದ ಮಾಡಲಿಲ್ಲ. ಮಾಡಬೇಕಿತ್ತು. ನಾಲ್ಕೂವರೆ ನಿಮಿಷದ ಆ ಭಾಗ ಹೋಯ್ತು, ಆ ಜಾಗಕ್ಕೆ ಪಾಂಡಾ ಮರಿ ಜಾರುಬಂಡೆ ಆಡೋ ದೃಶ್ಯ ಬಂತು. ರೇಟಿಂಗ್ ಚೆನ್ನಾಗಿ ಬಂತು ಅಂತ ಅಭಿನಂದನೆ ಹೇಳಿದರು. ತೆಗೆದ ನಾಲ್ಕೂವರೆ ನಿಮಿಷ ಮೇಲಿನ ಪ್ಯಾರಾಗಳಲ್ಲಿದೆ.

ನೀವು ಯಾವತ್ತಾದರೂ ಚೆಂಗ್ಡುವಿಗೆ ಹೋದರೆ ದುಜಿಯಾಂಗ್ಯಾನ್ ತಪ್ಪಿಸಬೇಡಿ. ವಸಂತದಲ್ಲಿ, ಏಪ್ರಿಲ್ ಮೊದಲ ವಾರದ ಆಸುಪಾಸು ಹೋದರೆ ನೀರು ಬಿಡುವ ಹಬ್ಬ ಇರುತ್ತೆ. ಮೂರು ಕಾಲಿನ ಮರದ ಕುದುರೆಗಳನ್ನ ಸಾಲಾಗಿ ನಿಲ್ಲಿಸಿ ತಡೆದ ನೀರನ್ನ, ಹಗ್ಗ ಕಡಿದು, ಒಳಗಿನ ಕವಲಿಗೆ ಬಿಡ್ತಾರೆ. ಅಲ್ಲಿಂದ ಮೇಲೆ ಮಿನ್ ನದಿಯ ಗುಂಟ ಹೋದರೆ ಯಿಂಗ್‌ಶಿಯು ಸಿಗುತ್ತೆ. ಶುವಾನ್‌ಕೌ ಮಾಧ್ಯಮಿಕ ಶಾಲೆಯ ಕುಸಿದ ಕಟ್ಟಡವನ್ನ ಬಿದ್ದ ಹಾಗೇ ಸ್ಮಾರಕ ಮಾಡಿ ಉಳಿಸಿದ್ದಾರೆ. ಮುಂದೆ ಒಡೆದ ಗಡಿಯಾರದ ಆಕಾರದ ಒಂದು ದೊಡ್ಡ ಕಲ್ಲಿನ ಶಿಲ್ಪ, ಮುಳ್ಳು 2.28ಕ್ಕೆ ನಿಂತಿದೆ. ಪ್ರವಾಸಿಗಳು ಹಳದಿ ಸೇವಂತಿಗೆ ಇಡ್ತಾರೆ. ಆ ಶಾಲೆಯಲ್ಲಿ ಇದ್ದ ಒಂದೂವರೆ ಸಾವಿರ ಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿದ್ದರು.

ನೂರಾರು ಮಕ್ಕಳು ಸತ್ತ ಜೂಯುವಾನ್ ಶಾಲೆಯ ಅವಶೇಷವನ್ನ ಬುಲ್ಡೋಜರ್ ತಂದು ನೆಲಸಮ ಮಾಡಿದರು. ಪ್ರವಾಸಿ ನಕ್ಷೆಯಲ್ಲಿ ಅದು ಇಲ್ಲ.